ಚೇಳೂರಿನ ಮೂಗು

ನಮ್ಮ ಕಡೆಯವರು ಟೂರ್ ಹೋದರೆ ಅಡುಗೆಯವನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಕಾಶಿಗಾದರೂ ಸರಿ, ಸಮುದ್ರದ ನಡುವಿನ ಅಂಡಮಾನಿಗಾದರೂ ಸರಿ. ತುಮಕೂರಿನಲ್ಲಿ ನಾವು ಅಂಡಮಾನಿಗೆ ಸೀಟು ಹಿಡಿದ ಟ್ರಾವೆಲ್ಸಿನವನು ಬೀಚು, ಬೋಟು ಯಾವುದರ ಬಗ್ಗೆಯೂ ಹೆಚ್ಚು ಹೇಳಲಿಲ್ಲ. "ಮೂರೊತ್ತೂ ನಮ್ ಊಟನೇ ಸಾರ್. ಮಧ್ಯಾಹ್ನ ಮುದ್ದೆ ಗ್ಯಾರಂಟಿ" ಎಂದ. ಉಳಿದವರೆಲ್ಲ ಆ ಮಾತಿಗೇ ಖುಷಿಯಾಗಿ ಹೊರಟರು. ನನಗೆ ಮಾತ್ರ ಮೈ ಉರಿಯಿತು. ನಾನು ಹೊರಟಿದ್ದೇ ನನ್ನ ಹೆಂಡತಿಗೆ ಆ ಊರಿನ ಊಟ ಹಾಕಿಸುವುದಕ್ಕೆ.

ಅವಳಿಗೆ ರುಚಿ ಹೋಗಿ ಎರಡು ವರ್ಷದ ಮೇಲಾಗಿತ್ತು. ಮನೆಮಂದಿಗೆಲ್ಲ ಒಂದು ಜ್ವರ ಬಂದು ಹೋಯಿತು. ಅವಳಿಂದ ಹೋಗುವಾಗ ಮಾತ್ರ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ಕಟ್ಟಿಕೊಂಡು ಹೋಯಿತು. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಅಷ್ಟು ಹೇಳುವುದಕ್ಕೆ ಅಷ್ಟೊಂದು ಓದಬೇಕಿತ್ತೇ ಎಂದು ನಾನು ಮೆಟ್ಟಿಲಿಳಿಯುತ್ತ ಗೊಣಗಿದೆ.

ಒಂದು ದಿನ ನಾನು ಆಫೀಸಿನಿಂದ ಬಂದಾಗ ಒಲೆಯ ಮೇಲೆ ಹಾಲು ಸೀದು, ವಾಸನೆ ಗೇಟಿನವರೆಗೂ ಬರುತ್ತಿತ್ತು. ಅವಳು ಅದೇ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಹಾಕಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವತ್ತಿನಿಂದ ಅವಳು ಊಟ ಕಡಿಮೆ ಮಾಡಿದಳು. ಬಳೆಗಳು ಮೊಣಕೈವರೆಗೂ ಜಾರುವಷ್ಟು ಸೊರಗಿದಳು. ತಿನ್ನು ಎಂದು ಗದರಿದರೆ, "ಮುದ್ದೆ ಒಂದೇ ವಾಸಿ ಕಣ್ರೀ, ಹೆಂಗಿದ್ರೂ ನುಂಗೋದೇ ಅಲ್ವಾ" ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ಹೀಗೇ ಬಿಟ್ಟರೆ ಇವಳು ನನಗೆ ಉಳಿಯುವುದಿಲ್ಲ ಎಂಬ ಭಯ ಆ ನಗುವನ್ನು ನೋಡಿದಾಗಲೆಲ್ಲ ಬರುತ್ತಿತ್ತು.

ಎಂಥ ಮೂಗಿತ್ತು ಅವಳಿಗೆ ಎಂಬುದನ್ನು ಹೇಳಬೇಕು. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಅವಳ ತವರಿನವರದು ತೆಂಗಿನ ತೋಟ. ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿಯಾಗುವವರೆಗೆ ತಿಂಗಳುಗಟ್ಟಲೆ ಕಾಯುವ ಮನೆ. ಅವಳು ಅಟ್ಟದ ಬಾಗಿಲು ತೆಗೆದು, ಒಮ್ಮೆ ಉಸಿರೆಳೆದು, "ಆ ಕಿಟಕಿ ಕಡೆ ಕೆಟ್ಟವೆ" ಎಂದರೆ ಅಲ್ಲೇ ಕೆಟ್ಟಿರುತ್ತಿದ್ದವು. ಮದುವೆಯಾದ ಮೇಲೂ ಕೊಬ್ಬರಿ ಸುಲಿಸುವ ಮುಂಚೆ ಅವಳಪ್ಪ ಅವಳನ್ನು ಕರೆಸಿಕೊಳ್ಳುತ್ತಿದ್ದರು. ನಮ್ಮ ಮನೆ ಹತ್ತಿರದ ಶಿರಾ ಗೇಟಿನ ಅಂಗಡಿಯವನಂತೂ ಇವಳು ಬರುವುದು ಕಂಡರೆ ಹಳೆ ಕೊಬ್ಬರಿಯ ಡಬ್ಬವನ್ನು ಕಾಲಿನಿಂದಲೇ ಒಳಗೆ ತಳ್ಳುತ್ತಿದ್ದ. ನಾನು ಕೈಹಾಕಿ ಆರಿಸಹೋದರೆ, "ನೀವು ಸುಮ್ನಿರಿ, ಕುಣಿಗಲ್ನೋರಿಗೆ ಕೊಬ್ರಿ ಏನ್ ಗೊತ್ತು" ಎಂದು ಕೈ ತಟ್ಟುತ್ತಿದ್ದಳು. ನಾನು ಕುಣಿಗಲ್ ಕಡೆಯವನು. ಆ ಮಾತು ಕೇಳಿ ಸಿಟ್ಟು ಬರುತ್ತಿದ್ದ ಕಾಲವೂ ಒಂದಿತ್ತು.

ಅಂಡಮಾನಿಗೆ ಹೋಗೋಣವೆಂಬುದು ನನ್ನದೇ ತಲೆ. ಗೊತ್ತಿರುವ ರುಚಿ ಬಾರದಿದ್ದರೆ ಗೊತ್ತಿಲ್ಲದ ರುಚಿಯಾದರೂ ನಾಲಿಗೆಯನ್ನು ಎಬ್ಬಿಸೀತು ಎಂದುಕೊಂಡಿದ್ದೆ. ಇದಕ್ಕೆ ಯಾವ ಆಧಾರವೂ ಇರಲಿಲ್ಲ. ಕೈಲಾಗದವನಿಗೆ ಹೊಳೆಯುವುದೆಲ್ಲ ಇಂಥದ್ದೇ.

ಮೊದಲ ದಿನ ಮಧ್ಯಾಹ್ನ, ತೆಂಗಿನ ಮರಗಳ ಕೆಳಗೆ, ನೀಲಿ ಸಮುದ್ರದ ಎದುರು, ನಮ್ಮ ಗುಂಪು ಸಾಲಾಗಿ ಕೂತು ಮುದ್ದೆ ಹೆಸರುಕಾಳು ಸಾರು ಉಣ್ಣುತ್ತಿತ್ತು. ನಾನು ಅವಳ ಕೈಹಿಡಿದು ಎಬ್ಬಿಸಿದೆ. "ಎಲ್ಲಿಗ್ ಸಾರ್, ಮುದ್ದೆ ತಣ್ಣಗಾಯ್ತದೆ" ಎಂದು ಅಡುಗೆಯವನು ಹಿಂದಿನಿಂದ ಕೂಗಿದ. ಅವನ ದನಿಯಲ್ಲಿ ನಿಜವಾದ ನೋವಿತ್ತು.

ಬಂಗಾಳಿಯೊಬ್ಬನ ಹೋಟೆಲಿನಲ್ಲಿ ಸಾಸಿವೆ ಅರೆದು ಹಾಕಿದ ಮೀನು ತಂದಿಟ್ಟರು. ಒಂದು ತುತ್ತಿಗೇ ನನ್ನ ನೆತ್ತಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಅವಳು ನನ್ನನ್ನೇ ನೋಡುತ್ತ ತಿಂದಳು. ಅವಳ ಕಣ್ಣಲ್ಲೂ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, "ಗೊತ್ತಾಗ್ತಾ ಇದೆ ಕಣ್ರೀ, ಸಾಸಿವೆ" ಎಂದಳು.

ಆಗ ನನಗಾದ ಸಂತೋಷವನ್ನು ಈಗ ನೆನೆದರೆ ಸಂಕಟವಾಗುತ್ತದೆ. ಹೋಟೆಲಿನಿಂದಲೇ ಮಗಳಿಗೆ ಫೋನ್ ಮಾಡಿ ಅಮ್ಮನಿಗೆ ರುಚಿ ಬಂತು ಎಂದೆ. ಮಗಳು ಆ ಕಡೆ ಅತ್ತಳು. ಆಮೇಲೆ ನಾವಿಬ್ಬರೂ ಊಟದ ಹೊತ್ತಿಗೆಲ್ಲ ಗುಂಪು ತಪ್ಪಿಸಿಕೊಂಡು ಅಲೆದೆವು. ಬಾಳೆಯೆಲೆಯಲ್ಲಿ ಸುತ್ತಿ ಸುಟ್ಟ ಮೀನು, ಏಡಿ ಸಾರು, ಬೆಲ್ಲ ಹಾಕಿ ಬೇಯಿಸಿದ ಯಾವುದೋ ಗೆಡ್ಡೆ. ಅವಳು ಒಂದೊಂದಕ್ಕೂ ತೀರ್ಪು ಕೊಟ್ಟಳು. ಇದಕ್ಕೆ ಉಪ್ಪು ಜಾಸ್ತಿ ಎಂದಳು, ಜಾಸ್ತಿಯೇ ಇತ್ತು. ಇದಕ್ಕೆ ಹುಳಿ ಸಾಲದು ಎಂದಳು, ಸಾಲದೇ ಇತ್ತು. ಚೇಳೂರಿನ ಮೂಗು ವಾಪಸ್ಸು ಬಂದಿತೆಂದು ನಾನು ಟೂರಿನ ಬಸ್ಸಲ್ಲಿ ಎಲ್ಲರಿಗೂ ಸಾರಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಕೊನೆಯ ದಿನ ನಮ್ಮನ್ನು ಬೋಟಿನಲ್ಲಿ ಒಂದು ಚಿಕ್ಕ ದ್ವೀಪಕ್ಕೆ ಕರೆದುಕೊಂಡು ಹೋದರು. ದಂಡೆಯಿಂದ ಸ್ವಲ್ಪ ಒಳಗೆ, ತಗಡಿನ ಚಪ್ಪರದ ಕೆಳಗೆ ಒಬ್ಬಳು ಮುದುಕಿ ಒಲೆ ಹೂಡಿದ್ದಳು. ಕೊಬ್ಬರಿ ಹುರಿದು ಹಾಕಿದ ಸೀಗಡಿ ಮತ್ತು ಅನ್ನ. ತಟ್ಟೆ ಬಂದಾಗ ನಾನು ನೀರು ಕೇಳಲು ಎದ್ದು ಆ ಕಡೆ ತಿರುಗಿದ್ದೆ. ನೀರಿನ ಜಗ್ಗು ಕೈಗೆ ಬರುವ ಮುಂಚೆಯೇ ವಾಸನೆ ಬಡಿಯಿತು. ಕಮಟು. ಹಳೆಯ ಕೊಬ್ಬರಿಯು ಎಣ್ಣೆ ಬಿಟ್ಟು ಕೆಟ್ಟಾಗ ಬರುವ, ಗಂಟಲಿನ ಹಿಂದೆ ಅಂಟಿ ಕೂರುವ ವಾಸನೆ. ಎಲ್ಲಿ ನೋಡಿದರೂ ತೆಂಗಿನ ಮರವೇ ಇರುವ ಜಾಗದಲ್ಲಿ ಆ ಮುದುಕಿಗೆ ಕೆಟ್ಟ ಕೊಬ್ಬರಿಯೇ ಯಾಕೆ ಬೇಕಿತ್ತೋ. ಕುಣಿಗಲ್ಲಿನ ನನ್ನ ಮೂಗಿಗೇ ಗೊತ್ತಾಯಿತೆಂದರೆ ಅದು ಎಷ್ಟು ಕೆಟ್ಟಿರಬೇಕು.

ತಿನ್ನಬೇಡ ಎನ್ನಲು ತಿರುಗಿದೆ. ಅವಳು ಆಗಲೇ ಎರಡನೇ ತುತ್ತು ಅಗಿಯುತ್ತಿದ್ದಳು. "ಕೊಬ್ರಿ ತುಂಬ ಚೆನ್ನಾಗಿದೆ ಕಣ್ರೀ" ಎಂದಳು. "ನಮ್ ಚೇಳೂರ್ ಕೊಬ್ರಿ ಥರಾನೇ ಇದೆ."

ನಾನು ಜಗ್ಗು ಹಿಡಿದುಕೊಂಡು ಹಾಗೇ ನಿಂತೆ. ಸಾಸಿವೆಯ ಉರಿ ಕಣ್ಣಿಗೆ ಗೊತ್ತಾಗಿದ್ದು, ನಾಲಿಗೆಗಲ್ಲ. ಉಪ್ಪು, ಹುಳಿ ಎಲ್ಲವನ್ನೂ ಅವಳು ನೋಡಿಕೊಂಡದ್ದು ನನ್ನ ಮುಖದಲ್ಲಿ. ಇಷ್ಟು ದಿನವೂ ನಾನು ಮೊದಲ ತುತ್ತು ತಿನ್ನುವವರೆಗೆ ಅವಳು ಕಾದಿದ್ದಳು. ಇವತ್ತು ನನ್ನ ಮುಖ ಆ ಕಡೆ ಇತ್ತು. ನಾನು ಆಸೆಪಟ್ಟು ಇಷ್ಟು ದೂರ ಕರೆತಂದಿದ್ದೆನಲ್ಲ, ನನ್ನನ್ನು ಬರಿಗೈಲಿ ವಾಪಸ್ಸು ಕಳಿಸಲು ಅವಳಿಗೆ ಮನಸ್ಸಾಗಿರಲಿಲ್ಲ.

"ಯಾಕ್ರೀ, ಏನಾಯ್ತು?" ಎಂದಳು. ಕಣ್ಣು ನನ್ನ ಮುಖದ ಮೇಲೇ ಇತ್ತು.

"ಏನಿಲ್ಲ, ಬಿಸಿಲು" ಎಂದೆ. ಕೂತು ತಟ್ಟೆ ಹತ್ತಿರಕ್ಕೆಳೆದುಕೊಂಡೆ. "ಹಸಿವಾಗ್ತಾ ಇದೆ ಕಣೇ, ನಿಂದೂ ಹಾಕು ಇಲ್ಲಿ" ಎಂದು ಅವಳ ತಟ್ಟೆಯದನ್ನೂ ಬಳಿದುಕೊಂಡು, ಮುಖ ಒಂದಿಷ್ಟೂ ಅಲುಗದಂತೆ ಎಲ್ಲವನ್ನೂ ತಿಂದೆ. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಊಟ ಮಾಡಿದ್ದಿಲ್ಲ. ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದೆ.

ದಂಡೆಗೆ ವಾಪಸ್ಸು ಬಂದಾಗ ಅಡುಗೆಯವನು ನಮ್ಮಿಬ್ಬರ ಪಾಲಿನ ಮುದ್ದೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ. ಅವಳು ಮರಳಿನ ಮೇಲೆ ಕೂತು ಅದನ್ನು ಪೂರ್ತಿ ನುಂಗಿದಳು. ಅವಳಿಗೆ ಅಷ್ಟೊಂದು ಹಸಿವಾಗಿತ್ತೆಂದು ನನಗೆ ಆಗ ತಿಳಿಯಿತು.

ತುಮಕೂರಿಗೆ ಬಂದ ಮೇಲೆ ನಾನು ಊಟಕ್ಕೆ ಅಡುಗೆಮನೆಯಲ್ಲೇ, ಅವಳಿಗೆ ಚೆನ್ನಾಗಿ ಕಾಣುವ ಹಾಗೆ, ಬೆಳಕಿಗೆ ಮುಖ ಮಾಡಿ ಕೂರುತ್ತೇನೆ. ಉಪ್ಪು ಹೆಚ್ಚಾದರೆ ಹುಬ್ಬು ಗಂಟಿಕ್ಕುತ್ತೇನೆ. ಖಾರವಾದರೆ ಬೇಕೆಂದೇ ಒಮ್ಮೆ ಕೆಮ್ಮುತ್ತೇನೆ. ಅವಳು ನೋಡಿಕೊಂಡು, ಮರುದಿನ ಸರಿ ಮಾಡುತ್ತಾಳೆ. ರುಚಿ ಬಂದಿದೆ ಎಂದು ಮಗಳಿಗೆ ಹೇಳಿದ್ದನ್ನು ನಾನೂ ತಿದ್ದಿಲ್ಲ, ಅವಳೂ ತಿದ್ದಿಲ್ಲ. ಬಳೆಗಳು ಇನ್ನೂ ಜಾರುತ್ತಲೇ ಇವೆ.

ಮೊನ್ನೆ ಚೇಳೂರಿನಿಂದ ಅವಳ ತಮ್ಮ ಒಂದು ಚೀಲ ಕೊಬ್ಬರಿ ತಂದು ಹಾಕಿ ಹೋದ. ನಾನು ಹಜಾರದಲ್ಲಿ ಪೇಪರ್ ಓದುತ್ತಿದ್ದೆ. ಒಳಗೆ ಕೊಬ್ಬರಿ ಒಡೆದ ಸದ್ದಾಯಿತು. ತಲೆಯೆತ್ತಿ ನೋಡಿದರೆ ಅವಳು ಒಂದು ಹೋಳು ಹಿಡಿದುಕೊಂಡು ಎದುರಿಗೆ ನಿಂತಿದ್ದಳು. ಪೇಪರನ್ನು ಪಕ್ಕಕ್ಕೆ ಸರಿಸಿ, ಹೋಳನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

"ಒಂಚೂರು ನೋಡ್ರೀ" ಎಂದಳು.