ಗುಡ್ಡದ ಮೇಲಿನ ಹೊಲಿಗೆ ಮಷಿನ್‌ಗಳು

ಕಲಬುರಗಿಯ ಜಗತ್ ವೃತ್ತದ ಹತ್ತಿರದ ಓಣಿಯೊಂದರಲ್ಲಿ ಸೂರ್ಯಕಾಂತನದು ಹೊಲಿಗೆ ಮಷಿನ್ ರಿಪೇರಿ ಅಂಗಡಿ. ಬಂದವರು ಚಹಾ ಕುಡಿಯುವಷ್ಟು ಹೊತ್ತು ಕೂತರೆ ಸಾಕು, ಅವನ ಮಾತು ಕಮಲಾಪುರದ ಆಚೆಯ ಗುಡ್ಡಗಳನ್ನು ಹತ್ತಿಬಿಡುತ್ತದೆ.

ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತು. ಕಮಲಾಪುರದಲ್ಲಿ ಟೇಲರೊಬ್ಬನ ಮಷಿನ್ ಸರಿಮಾಡಿ ಅವನು ಮಧ್ಯಾಹ್ನದ ಬಸ್ಸಿಗೆ ಕಾಯುತ್ತಿದ್ದ. ಪಕ್ಕದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳುತ್ತಿದ್ದ ಲಂಬಾಣಿ ಹೆಂಗಸು ಶಾಣಿಬಾಯಿ, ಟೇಲರನ ಅಂಗಡಿಯಲ್ಲಿ ಅವನ ಕೆಲಸ ನೋಡಿದ್ದಳು.

"ಅಣ್ಣಾ, ನಂದೊಂದು ಮಷಿನ್ ಮೂರು ವರ್ಷದಿಂದ ಕೆಟ್ಟು ನಿಂತದ. ಗುಡ್ಡ ಇಳಿಸಿ ತರಾಕ ಆಗವಲ್ದು. ನೀವ ನಮ್ಮ ತಾಂಡಾಕ್ಕ ಬರ್ತೀರೇನ್ರಿ?"

ಬಸ್ಸು ಬಂತು. ಸೂರ್ಯಕಾಂತ ಹತ್ತಲಿಲ್ಲ. ರಿಪೇರಿ ಸಾಮಾನಿನ ಚೀಲ ಹೆಗಲಿಗೇರಿಸಿ ಅವಳ ಹಿಂದೆ ನಡೆದ.

ಮುತ್ತುಗದ ಗಿಡಗಳ ನಡುವೆ ಕೆಂಪು ಮುರುಮು ಮಣ್ಣಿನ ಕಾಲುದಾರಿ, ಎರಡು ತಾಸಿನ ಏರು. ಮಷಿನ್ ಬಿಚ್ಚಿದರೆ ಒಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಕೆರೆದು ತೆಗೆದು, ಎಣ್ಣೆ ಬಿಟ್ಟು ತುಳಿದ, ಸೂಜಿ ಓಡಿತು. ಶಾಣಿಬಾಯಿ ಅಲ್ಲೇ ಕೂತು ಮಗಳ ಹರಿದ ಲಂಗ ಹೊಲಿದಳು. ಮರುದಿನ ಬೆಳಗ್ಗೆ ಆಚೆ ಗುಡ್ಡದ ಯಂಕಪ್ಪ ಹಾಜರು.

"ನಮ್ಮೂರಾಗೂ ಎರಡ ಅವ. ಜರಾ ನೋಡಿ ಹೋಗ್ರಿ."

ಹಾಗೆ ಬಸ್ಸಿನ ಮುಖ ಕಾಣದ ಐದು ಹಳ್ಳಿಗಳಾದವು. ಎಲ್ಲಿ ಹೋದರೂ ಬಿಸಿ ರೊಟ್ಟಿ, ಪುಂಡಿಪಲ್ಯ, ಮಲಗಲು ಕಟ್ಟೆ. ನಾಲ್ಕನೆಯ ದಿನ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ತನ್ನ ಮನೆ ಮುಟ್ಟಿದಾಗ ಹೆಂಡತಿ ಮಲ್ಲಿಕಾ ಬಾಗಿಲಲ್ಲೇ ನಿಂತಿದ್ದಳು. ಅತ್ತು ಕಣ್ಣು ಊದಿದ್ದವು.

"ಕಮಲಾಪುರ ಏನ್ ಕಾಶಿ ಆಯ್ತೇನ್ರಿ, ನಾಕ್ ದಿನ ಹಿಡಿಯಾಕ?"

ತಪ್ಪು ತನ್ನದೇ. ಸೂರ್ಯಕಾಂತ ಹೆಗಲ ಚೀಲ ಕೆಳಗಿಳಿಸಿ, "ಮುಂದಿನ ಸಲ ನೀನೂ ಬಾ" ಅಂದ.

ಅವಳು ಬಂದೇ ಬಂದಳು. ಓಣಿ ದಾಟಲೂ ಆಟೋ ಕೇಳುತ್ತಿದ್ದವಳು ಜಾರುವ ಇಳಿಜಾರಿನಲ್ಲಿ ತಾಂಡಾದ ಹೆಂಗಸರ ಕೈಹಿಡಿದು ನಗುತ್ತ ಇಳಿದಳು. ಗಂಡ ಮಷಿನ್ ಬಿಚ್ಚುವಷ್ಟರಲ್ಲಿ ಅವಳು ಶಾಣಿಬಾಯಿಯಿಂದ ಕನ್ನಡಿ ಕೂರಿಸುವ ಕಸೂತಿ ಕಲಿತಳು. ಹನ್ನೆರಡು ಚಳಿಗಾಲ ಇಬ್ಬರೂ ಹೀಗೆ ತಿರುಗಿದರು.

ಕೊನೆಯ ವರ್ಷ ಅವನ ಮೊಣಕಾಲು ಅರ್ಧ ದಾರಿಯಲ್ಲೇ ಹಟ ಹಿಡಿಯಿತು. ಹೇಗೋ ಮೇಲೆ ಮುಟ್ಟಿದವನನ್ನು ಶಾಣಿಬಾಯಿ ಕೂರಿಸಿ, "ಅಣ್ಣಾ, ಇನ್ನ ನಿಮ್ಮ ಕಾಲು ಕೇಳಂಗಿಲ್ಲ. ಕೆಲಸ ನನಗ ಕಲಿಸಿ ಹೋಗ್ರಿ" ಅಂದಳು. ಒಂದು ವಾರ ಇದ್ದು ಕಲಿಸಿದ.

ಈಗ ಆ ಹಳ್ಳಿಗಳ ಮಷಿನ್‌ಗಳನ್ನೆಲ್ಲ ಅವಳೇ ನೋಡುತ್ತಾಳೆ. ಬಗೆಹರಿಯದಿದ್ದರೆ ಫೋನ್ ಹಚ್ಚಿ, ಅದನ್ನು ಮಷಿನ್ ಪಕ್ಕ ಇಟ್ಟು ತುಳಿಯುತ್ತಾಳೆ. ಸೂರ್ಯಕಾಂತ ಅಂಗಡಿಯ ಬಾಗಿಲು ಮುಂದೆ ಮಾಡಿ, ಕಣ್ಣು ಮುಚ್ಚಿ ಮಷಿನ್ನಿನ ಸದ್ದು ಕೇಳುತ್ತಾನೆ.

"ಶಟಲ್ ತಾಗಾಕತ್ತದ. ಎಡಗಡೆ ಸ್ಕ್ರೂ ಜರಾ ಸಡ್ಲ ಮಾಡು ತಂಗಿ."

ತುಸು ಹೊತ್ತಿಗೆ ಆ ಕಡೆಯಿಂದ ಸಮನಾದ ಓಟ ಕೇಳಿಬರುತ್ತದೆ. ಬುತ್ತಿ ತಂದ ಮಲ್ಲಿಕಾ ಅಲ್ಲಿದ್ದರೆ ಫೋನ್ ಕಸಿದುಕೊಳ್ಳುತ್ತಾಳೆ. ಮುಂದಿನ ಅರ್ಧ ತಾಸು ಅದು ಅವನ ಕೈಗೆ ಸಿಗುವುದಿಲ್ಲ.