ಅಂಜನಪ್ಪನವರಿಗೆ ಮಾತ್ರ ಮೆತ್ತಗಿದ್ದ ಚೆಂಡು

“ಬೆಣ್ಣೆ ಮೇಡಂ. ಬೆಣ್ಣೆ ಕಣ್ರೀ ಇದು.”

ಗಾಲ್ಫ್ ಕೋಚ್ ಅಂಜನಪ್ಪನವರು ಹೀಗೆ ಅಂದಾಗ ನಾನು ದೇವನಹಳ್ಳಿ ರಸ್ತೆಯ ಒಂದು ಡ್ರೈವಿಂಗ್ ರೇಂಜಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಊದಿದ ಕಾಲನ್ನು ನೋಡಿಕೊಳ್ಳುತ್ತ ಕೂತಿದ್ದೆ. (ಡ್ರೈವಿಂಗ್ ರೇಂಜ್ ಅಂದರೆ ಕಾರು ಕಲಿಸುವ ಜಾಗವಲ್ಲ. ಗಾಲ್ಫ್ ಕಲಿಯುವವರು ಸಾಲಾಗಿ ನಿಂತು ಬಯಲಿಗೆ ಚೆಂಡು ಹೊಡೆಯುವ ಜಾಗ. ಮೊದಲು ನಾನೂ ಕಾರು ಅಂತಲೇ ಅಂದುಕೊಂಡಿದ್ದೆ.)

ಅವರು ಹೊಡೆದ ಚೆಂಡು ಬಯಲಿನ ಆಚೆ ಕೊನೆಯ ಬಲೆಯ ಬುಡದಲ್ಲಿ ಬಿದ್ದಿತ್ತು. ದೂರವೂ ಹೋಗಿದೆ, ಕೈಗೆ ಬೆಣ್ಣೆಯ ಹಾಗೂ ಇದೆ. ನನಗೆ ಕುಣಿಯಬೇಕು ಅನಿಸಲಿಲ್ಲ. ಸದ್ಯ ಮುಗಿಯಿತಲ್ಲ ಅನಿಸಿತು, ಅಷ್ಟೆ. ಒಂದು ವಯಸ್ಸು ದಾಟಿದ ಮೇಲೆ ಗೆಲುವು ಅಂದರೆ ಇಷ್ಟೇ ಅಲ್ಲವೇ?

ಆದರೆ ಮುಗಿದಿರಲಿಲ್ಲ.

ನನ್ನ ಹೊಟ್ಟೆಪಾಡು ನಿಮಗೆ ಗೊತ್ತೇ ಇದೆ. ವಾರಕ್ಕೊಮ್ಮೆ ಇಲ್ಲಿ ಬರೆಯುತ್ತೇನೆ, ಉಳಿದ ದಿನ ಬಾಶೆಟ್ಟಿಹಳ್ಳಿಯ ಒಂದು ರಬ್ಬರ್ ಕಾರ್ಖಾನೆಯ ಲ್ಯಾಬು ನೋಡಿಕೊಳ್ಳುತ್ತೇನೆ. ವಾಷರ್, ಬುಷ್, ಪಂಪಿನ ಸೀಲು. ಕೆಟ್ಟಾಗ ಮಾತ್ರ ಜನಕ್ಕೆ ನೆನಪಾಗುವ ವಸ್ತುಗಳು. ಕಾರ್ಖಾನೆಯ ಮಾಲೀಕರು ಜಯಣ್ಣನವರಿಗೆ ಇದು ಸಾಕಾಗಿಹೋಗಿತ್ತು. ಬೆಂಗಳೂರಿನ ಒಂದು ಕ್ರೀಡಾ ಸಾಮಗ್ರಿ ಕಂಪನಿಯವರ ಜೊತೆ ಮಾತಾಡಿಕೊಂಡು ಬಂದು ಒಂದು ಬೆಳಗ್ಗೆ ಲ್ಯಾಬಿನ ಬಾಗಿಲಲ್ಲಿ ನಿಂತರು.

“ಮೇಡಂ, ಗಾಲ್ಫ್ ಬಾಲ್ ಮಾಡ್ಬೇಕು. ದೂರ ಹೋಗ್ಬೇಕಂತೆ. ಹೊಡ್ದಾಗ ಮೆತ್ತಗೂ ಅನ್ಸ್‌ಬೇಕಂತೆ.”

“ಎರಡ್ರಲ್ಲಿ ಒಂದು ಹೇಳಿ ಸಾರ್.”

“ಎರಡೂ ಅಂತೆ.”

ಎರಡೂ ಒಟ್ಟಿಗೆ ಯಾಕೆ ಕಷ್ಟ? ಚೆಂಡಿನ ಒಳಗೆ ರಬ್ಬರಿನ ತಿರುಳಿರುತ್ತದೆ. ಏಟು ಬಿದ್ದಾಗ ಅದು ಒಂದು ಕ್ಷಣ ಚಪ್ಪಟೆಯಾಗಿ ಮತ್ತೆ ಪುಟಿಯುತ್ತದೆ. ತಿರುಳು ಗಟ್ಟಿಯಿದ್ದರೆ ತಿಂದ ಏಟನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಕೊಟ್ಟು ದೂರ ಹಾರುತ್ತದೆ. ಆದರೆ ಹೊಡೆದವರ ಕೈ ಜುಮ್ ಅನ್ನುತ್ತದೆ. ತಿರುಳು ಮೆದುವಾಗಿದ್ದರೆ ಏಟಿನಲ್ಲಿ ಒಂದು ಪಾಲನ್ನು ತಾನೇ ನುಂಗಿಕೊಳ್ಳುತ್ತದೆ. ಕೈಗೆ ಸುಖ. ಚೆಂಡು ಮಾತ್ರ ಬೇಗ ಇಳಿದುಬಿಡುತ್ತದೆ.

ಇದಕ್ಕೊಂದು ಉಪಾಯವಿದೆ. ತಿರುಳಿನ ನಡುಭಾಗ ಮೆದು, ಹೊರಕ್ಕೆ ಬರುತ್ತ ಬರುತ್ತ ಗಟ್ಟಿ, ಅದರ ಮೇಲೆ ತೆಳ್ಳಗೆ ಮೆದುವಾದ ಸಿಪ್ಪೆ. ಓದುವುದಕ್ಕೆ ಎಷ್ಟು ಚೆಂದ. ರಬ್ಬರನ್ನು ಅಚ್ಚಿಗೆ ಒತ್ತುವ ನಮ್ಮ ಪ್ರೆಸ್ಸಿನಲ್ಲಿ ಮಾಡಿದಾಗ ತಿರುಳು ಒಂದು ಕಡೆ ವಾಲಿತು. ಅದನ್ನು ಸರಿಮಾಡಿದರೆ ಸಿಪ್ಪೆ ಬಿರಿಯಿತು. ಸಿಪ್ಪೆ ನಿಂತಿತು ಅನ್ನುವಷ್ಟರಲ್ಲಿ ಮೈಮೇಲಿನ ಗುಳಿಗಳ ಆಳ ಕೆಟ್ಟಿತು. (ಆ ಗುಳಿಗಳು ಅಂದಕ್ಕಲ್ಲ. ಗಾಳಿಯಲ್ಲಿ ಚೆಂಡನ್ನು ಎತ್ತಿ ಹಿಡಿಯುವುದೇ ಅವು. ಲೆಕ್ಕ ತಪ್ಪಿದರೆ ಚೆಂಡು ನೆಟ್ಟಗೆ ಆಕಾಶಕ್ಕೇರಿ ಅಲ್ಲೇ ಸುಸ್ತಾಗುತ್ತದೆ. ನನ್ನ ಹಾಗೆ.) ಮುಂಗಾರು ಇದರಲ್ಲೇ ಕಳೆಯಿತು.

ಚೆಂಡನ್ನು ಒತ್ತಿ, ಎಷ್ಟು ಗಟ್ಟಿ ಅಂತ ಹೇಳುವ ಯಂತ್ರ ನಮ್ಮಲ್ಲಿದೆ. ಆದರೆ ಕಂಪನಿಯವರು ಕೇಳಿದ್ದು ಮೆತ್ತಗೆ “ಅನ್ನಿಸಬೇಕು” ಅಂತ. ಅನ್ನಿಸುವುದನ್ನು ಯಾವ ಯಂತ್ರ ಅಳೆಯುತ್ತದೆ? ಅದಕ್ಕೆ ಮನುಷ್ಯರೇ ಬೇಕು. ಜಯಣ್ಣನವರು ಹುಡುಕಿ ತಂದ ಮನುಷ್ಯರು ಅಂಜನಪ್ಪ.

ಅಂಜನಪ್ಪನವರು ದೊಡ್ಡಬಳ್ಳಾಪುರದ ಮಗ್ಗದ ಮನೆಯವರು. ಮೀಸೆ ಮೂಡುವ ಮೊದಲೇ ಪವರ್‌ಲೂಮಿನ ಮುಂದೆ ನಿಂತವರು. ಆಮೇಲೆ ದೇವನಹಳ್ಳಿ ಕಡೆ ಗಾಲ್ಫ್ ಮೈದಾನ ಬಂದಾಗ ಆಟಗಾರರ ಚೀಲ ಹೊರಲು ಹೋಗಿ, ನೋಡಿ ನೋಡಿಯೇ ಆಟ ಕಲಿತು, ಕೊನೆಗೆ ಕೋಚ್ ಆದರು. ಇಸ್ತ್ರಿ ಮಾಡಿದ ಬಿಳಿ ಟೀಶರ್ಟು, ಕಪ್ಪು ಕನ್ನಡಕ. ತಗ್ಗಿ ಬಗ್ಗಿ ನಡೆಯುವ ಜಾತಿಯಲ್ಲ. “ನಾನು ಒಂದ್ಸಲ ಹೇಳಿದ್ರೆ ಮುಗೀತು” ಅನ್ನುವವರು. ರೇಂಜಿನಲ್ಲಿ ಅವರ ಮಾತಿಗೆ ಎದುರಿರಲಿಲ್ಲ.

ಪ್ರತಿ ಸಲವೂ ಅವರು ಹೇಳಿದ್ದು ಒಂದೇ. “ಮೆತ್ತಗೇನೋ ಐತೆ ಮೇಡಂ. ಹೋಗ್ತಿಲ್ಲ.” ನಾನು ತಿರುಳನ್ನು ಇನ್ನೊಂಚೂರು ಗಟ್ಟಿ ಮಾಡುತ್ತಿದ್ದೆ. ತಗೊಂಡು ಹೋದರೆ ಮತ್ತೆ, “ಮೆತ್ತಗೈತೆ. ದೂರ ಸಾಲ್ದು.” ಇನ್ನೊಂಚೂರು ಗಟ್ಟಿ. ಲ್ಯಾಬಿನ ಯಂತ್ರ ಇದು ಗಟ್ಟಿಯಾಯಿತು ಅನ್ನುತ್ತಿತ್ತು, ಅಂಜನಪ್ಪನವರು ಇಲ್ಲ ಅನ್ನುತ್ತಿದ್ದರು. ನಾನು ಅಂಜನಪ್ಪನವರನ್ನು ನಂಬಿದೆ. ಹೊಸ ಸಿಪ್ಪೆಯ ಮಹಿಮೆ ಇರಬೇಕು ಅಂದುಕೊಂಡೆ. ಹೀಗೆ ಬಂದು ನಿಂತದ್ದು ಆ ಬೆಣ್ಣೆಯ ದಿನಕ್ಕೆ.

ಜಯಣ್ಣನವರು ಅದೇ ವಾರ ಸ್ಯಾಂಪಲ್ ಡಬ್ಬ ಹಿಡಿದು ಬೆಂಗಳೂರಿಗೆ ಹೋದರು. ಮರುದಿನ ಬಂದು ಡಬ್ಬವನ್ನು ನನ್ನ ಮೇಜಿನ ಮೇಲಿಟ್ಟರು. ಕೂಗಾಡಲಿಲ್ಲ. ಅವರಿಗೂ ಸುಸ್ತಾಗಿತ್ತು.

“ಕಲ್ಲಂತೆ ಮೇಡಂ. ಅವರ ಆಟಗಾರರು ಒಬ್ರಾದ್ಮೇಲೆ ಒಬ್ರು ಹೊಡ್ದು ನೋಡಿದ್ರು. ಎಲ್ರೂ ಅದೇ ಮಾತು.”

“ಅಂಜನಪ್ಪನೋರು ಬೆಣ್ಣೆ ಅಂದ್ರಲ್ಲ ಸಾರ್?”

“ಅವರನ್ನೇ ಕೇಳಿ.”

ಭಾನುವಾರ ಬೆಳಗ್ಗೆ ಕೇಳಲು ಹೋದೆ. ಹಳೆಯ ಮೆದು ಚೆಂಡುಗಳನ್ನೂ ಹೊಸ ಗಟ್ಟಿ ಚೆಂಡುಗಳನ್ನೂ ಬ್ಯಾಗಿನಲ್ಲಿ ಹಾಕಿಕೊಂಡಿದ್ದೆ. ಅಂಜನಪ್ಪನವರು ಒಂದು ಗುಂಪಿಗೆ ಪಾಠ ಮಾಡುತ್ತಿದ್ದರು. ದೇವನಹಳ್ಳಿ ಕಡೆ ಓಡಾಡಿದವರಿಗೆ ಒಂದು ಅಭ್ಯಾಸ ಇರುತ್ತದೆ. ತಲೆಯ ಮೇಲೆ ವಿಮಾನ ಹೋದರೆ ಮಾತು ತಾನಾಗಿ ನಿಲ್ಲುತ್ತದೆ, ವಿಮಾನ ದಾಟಿದ ಮೇಲೆ ನಿಂತ ಪದದಿಂದಲೇ ಮುಂದುವರಿಯುತ್ತದೆ. ಅವತ್ತೂ ಒಂದು ವಿಮಾನ ತೀರಾ ತಗ್ಗಿನಲ್ಲಿ ಹೋಯಿತು. ಎಲ್ಲರೂ ಸುಮ್ಮನಾದರು. ಅಂಜನಪ್ಪನವರ ತುಟಿಗಳು ಮಾತ್ರ ಆಡುತ್ತಲೇ ಇದ್ದವು.

ನನಗೆ ಏನೋ ತಟ್ಟಿತು. ಅವರ ಬೆನ್ನ ಹಿಂದೆ ಹೋಗಿ, “ಸಾರ್, ನಮಸ್ಕಾರ” ಅಂದೆ. ತಿರುಗಲಿಲ್ಲ. ಇನ್ನೊಮ್ಮೆ ಅಂದೆ. ಎದುರಿಗಿದ್ದ ಹೆಂಗಸು ನನ್ನತ್ತ ಕೈ ತೋರಿಸಿದ ಮೇಲೆ ತಿರುಗಿದರು. “ಓ, ಮೇಡಂ, ಬನ್ನಿ ಬನ್ನಿ.”

ಪಾಠ ಮುಗಿಯುವವರೆಗೆ ಒಂದು ಮೂಲೆಗೆ ಹೋದೆ. ಕಾರ್ಖಾನೆಯ ಪ್ರೆಸ್ ಸೆಕ್ಷನ್ನಿಗೆ ಹೋಗುವಾಗ ಕಿವಿಗೆ ತುರುಕಿಕೊಳ್ಳುವ ಸ್ಪಂಜಿನ ಬಿರಡೆ ಸದಾ ನನ್ನ ಪರ್ಸಿನಲ್ಲಿರುತ್ತದೆ. ಅದನ್ನು ಹಾಕಿಕೊಂಡು, ಒಂದು ಗಾಲ್ಫ್ ಕೋಲು ಎರವಲು ಪಡೆದು, ಎರಡೂ ಬಗೆಯ ಚೆಂಡನ್ನು ಮೆಲ್ಲಗೆ ತಟ್ಟಿದೆ. ಎರಡೂ ಸುಮಾರಾಗಿ ಒಂದೇ ಅನಿಸಿದವು. ಬಿರಡೆ ತೆಗೆದು ತಟ್ಟಿದೆ. ಒಂದು ‘ತಪ್’ ಅಂದಿತು. ಇನ್ನೊಂದು ‘ಟಕ್’ ಅಂದಿತು. ಆ ಟಕ್ ಅನ್ನುವುದು ಕಿವಿಗೆ ಬಿದ್ದದ್ದೇ ಕೈಗೂ ಅದು ಕಲ್ಲಾಯಿತು.

ಗಾಲ್ಫ್ ಬಲ್ಲವರು ಹೇಳುವ ಒಂದು ಮಾತಿದೆ: ಚೆಂಡು ಮೆತ್ತಗೋ ಗಟ್ಟಿಯೋ ಅನ್ನುವುದನ್ನು ಕೈಗಿಂತ ಕಿವಿಯೇ ಮೊದಲು ತೀರ್ಮಾನಿಸುತ್ತದೆ. ಓದಿದ್ದೆ. ಓದಿದ್ದೆಲ್ಲ ಬೇಕಾದಾಗ ನೆನಪಿಗೆ ಬರುತ್ತದೆಯೇ?

ಅಂಜನಪ್ಪನವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಟಕ್ ಕೇಳಿಸಿರಲೇ ಇಲ್ಲ.

ಈಗ ಇದನ್ನು ಅವರಿಗೆ ಹೇಳಬೇಕಲ್ಲ? ಶಿಷ್ಯರು ಅತ್ತಿತ್ತ ಹೋಗುವವರೆಗೆ ಕಾದೆ. ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದೆ.

“ಸಾರ್, ತಪ್ಪು ತಿಳ್ಕೋಬೇಡಿ. ಒಂದ್ಸಲ ಕಿವಿ ತೋರಿಸ್ಕೊಂಡ್ರೆ ಒಳ್ಳೇದು.”

“ಏನು?”

“ಕಿವಿ ಸಾರ್. ಡಾಕ್ಟ್ರಿಗೆ ತೋರಿಸ್ಬಾರ್ದಾ ಅಂತ.”

“ಏನ್ರೀ? ಜೋರಾಗಿ ಹೇಳಿ.”

ಜೋರಾಗಿ ಹೇಳಿದೆ. “ನಿಮಗೆ ಕಿವಿ ಕೇಳಿಸ್ತಿಲ್ಲ ಸಾರ್” ಅನ್ನುವ ಮಾತು ಆ ಬಯಲಿನ ತುಂಬ ಹೋಯಿತು. ಕೋಲು ಎತ್ತಿದವರು ಎತ್ತಿದಂತೆಯೇ ನಿಂತು ನಮ್ಮ ಕಡೆ ನೋಡಿದರು.

ಅಂಜನಪ್ಪನವರ ಮುಖ ಕಪ್ಪಿಟ್ಟಿತು. ಕೈಗವಸು ಬಿಚ್ಚಿ ಜೇಬಿಗೆ ತುರುಕಿಕೊಂಡರು. “ನನ್ ಕಿವಿಗೇನೂ ಆಗಿಲ್ಲ. ನಿಮ್ ಬಾಲ್ ನೀವು ನೋಡ್ಕೊಳ್ಳಿ” ಅಂದವರೇ ಸ್ಕೂಟರ್ ಹತ್ತಿ ಹೊರಟೇಹೋದರು.

ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಮೆಲ್ಲಗೆ ಹೇಳಿದ್ದು ತಲುಪಲಿಲ್ಲ. ತಲುಪುವ ಹಾಗೆ ಹೇಳಿದ್ದು ಅವರನ್ನು ನಾಲ್ಕು ಜನರ ಮುಂದೆ ಹೊಡೆದು ಕೆಡವಿತು. ಮನೆಯಲ್ಲಿ, ಆಫೀಸಿನಲ್ಲಿ, ಆಸ್ಪತ್ರೆಯಲ್ಲಿ ನಾವೆಲ್ಲ ದಿನವೂ ಇದೇ ಕಷ್ಟದಲ್ಲಿರುತ್ತೇವೆ. ಹೇಳಬೇಕಾದ್ದು ನಾಟಬೇಕು, ನೋಯಿಸಬಾರದು. ಎರಡೂ ಬೇಕಂತೆ. ಯಾರಿಗೆ ಸಾಧ್ಯವಾಗಿದೆ?

“ಬೇರೆ ಯಾರನ್ನಾದ್ರೂ ನೋಡೋಣ ಬಿಡಿ” ಅಂದರು ಜಯಣ್ಣ. ಅವರು ಹೇಳಿದ್ದು ಸರಿಯೇ. ಆದರೆ ಆ ಕಪ್ಪಿಟ್ಟ ಮುಖ ನನ್ನನ್ನು ಬಿಡಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. (ಎತ್ತಲಿಲ್ಲವೋ, ರಿಂಗು ಕೇಳಿಸಲಿಲ್ಲವೋ.) ಎರಡು ವಾರ ಕಾದು, ಒಂದು ಸಂಜೆ ಕೆಲಸ ಮುಗಿಸಿ ನೇರ ಅವರ ಮನೆಗೇ ಹೋದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೀದಿಯ ತಿರುವಿಗೇ ಅವರ ಮನೆಯ ಟೀವಿ ಕೇಳುತ್ತಿತ್ತು. ಬಾಗಿಲು ತೆಗೆದವರು ಅವರ ಹೆಂಡತಿ ಸರೋಜಮ್ಮ. ನಾನು ಯಾರೆಂದು ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಟೀವಿ ಆರಿಸಿ ನನ್ನ ಕೈ ಹಿಡಿದುಕೊಂಡರು.

“ನೀವಾದ್ರೂ ಹೇಳಿದ್ರಲ್ಲ ತಾಯಿ. ನಾನು ಹೇಳಿ ಹೇಳಿ ಸಾಕಾಯ್ತು. ಮಗ್ಗದ ಮನೇಲಿ ಯಾರು ಮೆಲ್ಲಗೆ ಮಾತಾಡ್ತಾರೆ ಹೇಳಿ? ಮಗ್ಗದ ಸದ್ದಿಗೆ ಎಲ್ರೂ ಕೂಗೋದೇ. ಮಗ್ಗ ಮಾರಿದ್ಮೇಲೂ ಇವರು ಕೂಗೋದು ಬಿಡ್ಲಿಲ್ಲ. ಅಭ್ಯಾಸ ಅನ್ಕೊಂಡಿದ್ದೆ ನಾನು.”

ಅಂಜನಪ್ಪನವರು ಹಿತ್ತಲಿನಿಂದ ಬಂದರು. ಬನಿಯನ್ನು, ಲುಂಗಿ. ಕಪ್ಪು ಕನ್ನಡಕವಿಲ್ಲದ ಅವರ ಮುಖವನ್ನು ನಾನು ನೋಡಿದ್ದು ಅವತ್ತೇ ಮೊದಲು. ನಾನು ಎದುರು ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ. “ಎಲ್ರ ಮುಂದೆ ಹಾಗೆ ಕೂಗಿದ್ದು ತಪ್ಪಾಯ್ತು ಸಾರ್.”

ಬಿಡಿ ಅನ್ನುವ ಹಾಗೆ ಕೈ ಆಡಿಸಿದರು. ಆಮೇಲೆ ತಾವಾಗಿಯೇ ಶುರುಮಾಡಿದರು.

“ನಂಗೊತ್ತಿಲ್ಲ ಅನ್ಕೊಂಡ್ರಾ ಮೇಡಂ? ಮೊದ್ಲು ನಾನು ಶಿಷ್ಯರಿಗೆ ಬೆನ್ನು ಹಾಕ್ಕೊಂಡು ನಿಲ್ತಿದ್ದೆ. ಏಟಿನ ಸದ್ದು ಕೇಳೇ ಎಲ್ಲಿ ತಪ್ಪಿದಾರೆ ಅಂತ ಹೇಳ್ಬಿಡ್ತಿದ್ದೆ. ಎಲ್ರೂ ಬೆರಗಾಗೋರು. ಈಗ ತಿರುಗಿ ನಿಂತು ನೋಡ್ತೀನಿ. ಕಣ್ಣಲ್ಲೇ ಸುಧಾರಿಸ್ತಿದೀನಿ.”

“ಮತ್ತೆ ಯಾಕೆ ತೋರಿಸ್ಲಿಲ್ಲ?”

“ಕಿವಿಗೆ ಮಿಷನ್ ಹಾಕ್ಕೊಂಡು ನಿಂತ್ರೆ ಏನಾಗುತ್ತೆ? ಮುದುಕ ಅಂತ ಇನ್ನೊಬ್ಬನ್ನ ತಂದು ನಿಲ್ಲಿಸ್ತಾರೆ. ಬೇರೆ ಏನ್ ಬರುತ್ತೆ ನಂಗೆ? ಮಗ್ಗಕ್ಕೆ ವಾಪಸ್ ಹೋಗೋಕ್ಕಾಗುತ್ತಾ?” ನನ್ನತ್ತ ತಿರುಗಿ ಸೇರಿಸಿದರು. “ಆದ್ರೆ ನಿಮ್ ಬಾಲ್ ವಿಷ್ಯದಲ್ಲಿ ನಾನು ಆಟ ಆಡ್ಲಿಲ್ಲ. ನಂಗೆ ನಿಜವಾಗ್ಲೂ ಮೆತ್ತಗೇ ಇತ್ತು.”

ಇನ್ನೊಬ್ಬರನ್ನು ತರುವುದಿಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ನಮ್ಮ ಕಾರ್ಖಾನೆಯವರೇ ಆಗಲೇ ಬೇರೆಯವರನ್ನು ಹುಡುಕುತ್ತಿದ್ದರು. ಸರೋಜಮ್ಮ ಕೊಟ್ಟ ಕಾಫಿ ಕುಡಿದು, ನಮ್ಮ ಕಾರ್ಖಾನೆಯವರ ಕಿವಿ ಪರೀಕ್ಷೆ ಮಾಡುವ ಡಾಕ್ಟರರ ವಿಳಾಸ ಹೇಳಿ ಎದ್ದು ಬಂದೆ.

ಲ್ಯಾಬಿನಲ್ಲಿ ಮತ್ತೆ ಮೊದಲಿನಿಂದ ಶುರು. ತಿರುಳು ಮೆದು ಮಾಡಿ, ಸಿಪ್ಪೆ ಬದಲಿಸಿ, ಗುಳಿ ತಿದ್ದಿ. ಚಳಿಗಾಲ ಬಂದಿತ್ತು. ಒಂದು ಶನಿವಾರ ಅಂಜನಪ್ಪನವರಿಂದಲೇ ಫೋನು. “ಬಾಲ್ ತಗೊಂಡ್ ಬನ್ನಿ ಮೇಡಂ. ಹಳೇದೂ ತನ್ನಿ.”

ಅದೇ ಬಿಳಿ ಟೀಶರ್ಟು, ಅದೇ ಕನ್ನಡಕ. ಎರಡೂ ಕಿವಿಯ ಹಿಂದೆ ಚಿಕ್ಕ ಮಿಷನ್ನು. ಮುಚ್ಚಿಡುವ ಪ್ರಯತ್ನವೇನೂ ಇರಲಿಲ್ಲ. ಬೆಣ್ಣೆ ಅಂದಿದ್ದರಲ್ಲ, ಆ ಚೆಂಡನ್ನೇ ಮೊದಲು ಇಟ್ಟು ಹೊಡೆದರು. ಹೊಡೆದವರು ಚೆಂಡು ಎಲ್ಲಿ ಹೋಯಿತು ಅಂತ ನೋಡಲಿಲ್ಲ. ಕೋಲನ್ನು ನೋಡಿದರು. ಆಮೇಲೆ ನನ್ನನ್ನು.

“ಇದನ್ನಾ ನಾನು ಬೆಣ್ಣೆ ಅಂದಿದ್ದು?”

“ಹೂಂ ಸಾರ್.”

“ಕಲ್ಲು” ಅಂದರು. ಇಬ್ಬರೂ ನಕ್ಕೆವು. ದಣಿದವರ ನಗು.

ಆಮೇಲೆ ಹೊಸದನ್ನು ಹೊಡೆದರು. ಒಂದಾದ ಮೇಲೊಂದು, ತಲೆ ವಾಲಿಸಿ ಕೇಳುತ್ತ. “ಇದು ಪರವಾಗಿಲ್ಲ. ಬೆಣ್ಣೆ ಅಲ್ಲ. ದೂರಾನೂ ಮೊದಲ್ನಷ್ಟು ಇಲ್ಲ. ಆದ್ರೆ ಕಲಿಯೋರು ದಿನಾ ಹೊಡೀಬಹುದು.”

ಕಂಪನಿಯವರೂ ಹೆಚ್ಚುಕಡಿಮೆ ಅದನ್ನೇ ಹೇಳಿ, ಕಲಿಯುವವರಿಗೆ ಅಂತ ಒಪ್ಪಿಕೊಂಡರು. ಡಬ್ಬದ ಮೇಲೆ ಮಾತ್ರ ದೂರ, ಮೃದು ಎರಡನ್ನೂ ದಪ್ಪಕ್ಷರದಲ್ಲಿ ಹಾಕಿಸಿದ್ದಾರೆ. ರೇಂಜಿನವರು ಅಂಜನಪ್ಪನವರನ್ನು ಇಟ್ಟುಕೊಂಡಿದ್ದಾರೆ. ಶನಿವಾರ, ಭಾನುವಾರಕ್ಕೆ ಇನ್ನೊಬ್ಬ ಕೋಚೂ ಬಂದಿದ್ದಾನೆ. ಅದರ ಅರ್ಥ ಏನು ಅಂತ ಅವರೂ ಕೇಳಿಲ್ಲ, ಯಾರೂ ಹೇಳಿಲ್ಲ.

ಹೋದ ವಾರ ದೊಡ್ಡಬಳ್ಳಾಪುರದ ಮಾರ್ಕೆಟ್ಟಿನಲ್ಲಿ ಸರೋಜಮ್ಮ ಸಿಕ್ಕಿದರು. ಈಗ ಮನೆಯಲ್ಲಿ ಆರಾಮಾ ಅಂತ ಕೇಳಿದೆ. ಅವರು ಸೊಪ್ಪಿನ ಕಟ್ಟನ್ನು ಚೀಲಕ್ಕೆ ಹಾಕುತ್ತ ಹೇಳಿದರು.

“ಅವರಿಗೀಗ ಎಲ್ಲಾ ಕೇಳ್ಸುತ್ತೆ. ಯಾಕಿಷ್ಟು ಜೋರು ಮಾಡ್ತೀಯಾ, ಮೆಲ್ಲಗೆ ಮಾತಾಡು ಅಂತಾರೆ. ಇಷ್ಟು ವರ್ಷ ಕೂಗಿ ಕೂಗಿ ನಂಗದು ಮರ್ತೇಹೋಗೈತೆ ತಾಯಿ, ಈ ವಯಸ್ಸಲ್ಲಿ ಯಾರತ್ರ ಹೋಗಿ ಕಲೀಲಿ?”