ನಿಂತೇ ಇದ್ದ ದಸ್ತಗೀರ ಕಾಕಾ

ದಸ್ತಗೀರ ಕಾಕಾ ಅಂಗಡಿಯಲ್ಲಿ ಕುಳಿತಿದ್ದನ್ನು ನಾನು ಕಂಡೇ ಇಲ್ಲ. ಗೋಕಾಕದ ನಮ್ಮ ಓಣಿಯ ಮೂಲೆಯ ಆ ಇಸ್ತ್ರಿ ಅಂಗಡಿಯಲ್ಲಿ ಗಿರಾಕಿಗಳಿಗೆ ಬೆಂಚಿತ್ತು. ಕಾಕಾ ಚಹಾವನ್ನೂ ನಿಂತೇ ಕುಡಿಯುತ್ತಿದ್ದರು. ಕೂಡ್ರಿ ಅಂದರೆ, "ಕುಂತಾಂವನ ಕೈಯಾಗ ಇಸ್ತ್ರಿಗೆ ಭಾರ ಬೀಳಂಗಿಲ್ರಿ ಮಾಸ್ತರ್ರ" ಎಂದು ಕೆಂಡ ಊದುತ್ತಿದ್ದರು. ಮೂಡಲಗಿಯ ಶಾಲೆಗೆ ದಿನಾ ಬಸ್ಸು ಹಿಡಿಯುವ ನಾನು ಅವರ ಇಸ್ತ್ರಿಯ ಬಿಸಿ ಆರುವ ಮೊದಲೇ ಅಂಗಿ ತೊಟ್ಟು ಓಡುತ್ತಿದ್ದೆ.

ನಲವತ್ತು ವರ್ಷ ನಿಂತ ಕಾಲು ಅವು. ಮೀನಖಂಡದ ತುಂಬ ನೀಲಿ ನರಗಳು ಉಬ್ಬಿ, ಹುರಿಹಗ್ಗದಂತೆ ಗಂಟುಗಂಟಾಗಿದ್ದವು. ಹಿಮ್ಮಡಿಯ ಮೇಲಿನ ಹುಣ್ಣಿಗೆ ಹಳೆ ಅರಿವೆ ಸುತ್ತಿರುತ್ತಿದ್ದರು. "ಮಂದಿ ಅರಬಿ ಸುಕ್ಕ ತಗದ್ನೆಲ್ರಿ, ಅವೆಲ್ಲಾ ಬಂದು ನನ್ನ ಕಾಲಾಗ ಕುಂತಾವ" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಹಟ ಹಿಡಿದು ದವಾಖಾನೆಗೆ ಕರೆದೊಯ್ದವನು ನಾನೇ. ಡಾಕ್ಟರು ಬಿಡಿಸಿ ಹೇಳಿದರು: "ಕೊಯ್ಯಂಗಿಲ್ಲ, ಹೊಲಿಗಿ ಇಲ್ಲ. ಸೂಜಿ ತೂತಿನ್ಯಾಗಿಂದ ತೆಳ್ಳನ ತಂತಿ ಬಿಟ್ಟು, ಲೇಸರ್ ಕಾವಿನಿಂದ ಕೆಟ್ಟ ನರ ಒಳಗಿಂದೊಳಗ ಮುಚ್ಚತೇವಿ."

"ಅಂದ್ರ ನರಕ್ಕ ಇಸ್ತ್ರಿ ಹೊಡಿತೀರಿ ಅನ್ರಲಾ!" ಎಂದರು ಕಾಕಾ. ಡಾಕ್ಟರಿಗೂ ನಗು ತಡೆಯಲಾಗಲಿಲ್ಲ.

ಆಪರೇಶನ್ ಆದ ದಿನ ಸಂಜೆಗೇ ಕಾಕಾ ನಡೆದುಕೊಂಡು ಮನೆಗೆ ಬಂದರು. ಬೀಳ್ಕೊಡುವಾಗ ಡಾಕ್ಟರು ನನಗೂ ಕೇಳುವಂತೆ ಹೇಳಿದ್ದರು: "ದಿನಾ ಅಡ್ಡಾಡ್ರಿ. ಮಲಗಿ ಮಾತ್ರ ಇರಬ್ಯಾಡ್ರಿ."

ಆದರೆ ನಮ್ಮ ಓಣಿಯಲ್ಲಿ ಆಪರೇಶನ್ ಅಂದರೆ ಆಪರೇಶನ್ನೇ. ಹುಕ್ಕೇರಿಯಿಂದ ಬಂದ ಅವರಕ್ಕ ಬಾಗಿಲಲ್ಲೇ ನನ್ನನ್ನು ತಡೆದರು. "ಹಡದಾಕೀನೂ ತಿಂಗಳತನಕ ಎಬ್ಬಸಂಗಿಲ್ಲ. ನರ ಸುಡಿಸಿಕೊಂಡಾಂವಗ ಅಡ್ಡಾಡು ಅಂತಾರಂತ! ಕಾಲ ನೆಲಕ್ಕ ಹಚ್ಚಾಕ ಬಿಡಬ್ಯಾಡ್ರಿ ಮಾಸ್ತರ್ರ." ಮಕ್ಕಳಿಗೆ ರಕ್ತ ಪರಿಚಲನೆಯ ಪಾಠ ಮಾಡುವ ನಾನು ತಲೆಯಾಡಿಸಿದೆ. ಜನ್ಮವೆಲ್ಲ ನಿಂತ ಜೀವ, ಹತ್ತು ದಿನ ಮಲಗಲಿ ಅನ್ನಿಸಿತು. ಕಾಕಾ ಮೆಲ್ಲಗೆ ಎದ್ದು ಅಂಗಡಿಗೆ ಹೋದಾರೆಂದು ಅವರ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ನಮ್ಮ ಮನೆಗೆ ತಂದಿಟ್ಟೆ. ಅದೊಂದು ಚೇಷ್ಟೆಯೆಂದು ಎಲ್ಲರೂ ನಕ್ಕರು.

ಎಂಟನೆಯ ದಿನ ಸಂಜೆ ಹೋದಾಗ ಕಾಕಾ ಗೋಡೆ ನೋಡುತ್ತ ಮಲಗಿದ್ದರು. "ಮೀನಖಂಡ ಬಿಗದೈತ್ರಿ. ಚಪ್ಪಲಿ ಕೊಡ್ರಿ, ಬಾಜೂ ಓಣಿತನಕ ಹೋಗಿ ಬರ್ತೇನಿ."

"ನಾಳೆ ಕೊಡ್ತೇನಿ. ಮಲಗ್ರಿ ಕಾಕಾ" ಎಂದೆ.

ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡರು. ದವಾಖಾನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಪುಪ್ಪುಸಕ್ಕೆ ಹೋಗಿದೆ ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಅಡ್ಡಾಡತಿದ್ರಿಲ್ಲೋ?" ಕಾಕಾನ ಅಕ್ಕ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ನಾವು ಅವರನ್ನು ಪ್ರೀತಿಯಿಂದಲೇ ಕೊಂದೆವು. ಈ ಮಾತನ್ನು ಯಾರೆದುರೂ ಆಡಲಾಗಿಲ್ಲ. ಈಗ ಸುಕ್ಕುಗಟ್ಟಿದ ಅಂಗಿಯಲ್ಲೇ ಶಾಲೆಗೆ ಹೋಗುತ್ತೇನೆ. ಆ ಚಪ್ಪಲಿ ನಮ್ಮ ಬಾಗಿಲ ಹಿಂದೆ ಚೀಲದಲ್ಲೇ ಇದೆ. ಕೊಟ್ಟು ಬರೋಣವೆಂದರೆ ಆ ಮನೆಯ ಹೊಸ್ತಿಲು ತುಳಿಯಲು ನನಗೆ ಮುಖವಿಲ್ಲ. ನಾಳೆ ಕೊಡ್ತೇನಿ ಅಂದಿದ್ದೆ.